ಹೊರಗಿನ ಚಿಲಕ

“ಅವರು ಹೇಳಬೇಕು ಅಂತಿರೋದು ಏನಂದ್ರೆ,” ಎಂದು ದೊಡ್ಡ ಮೇಷ್ಟ್ರು ಮತ್ತೆ ಬಾಯಿ ಹಾಕಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೇಳಬೇಕಾದದ್ದನ್ನು ಅವಳು ಆಗಲೇ ಹೇಳಿ ಮುಗಿಸಿದ್ದಳು. ಆದರೆ ಈ ವಿಭಾಗದ ಪದ್ಧತಿಯೇ ಹಾಗೆ. ಪ್ರಬಂಧ ಒಪ್ಪಿಸುವ ಮುಂಚೆ ಸಂಶೋಧಕರು ಎಲ್ಲರೆದುರು ತಮ್ಮ ಕೆಲಸದ ಸಾರ ಓದಬೇಕು, ಕೇಳಿದವರಿಗೆ ಉತ್ತರ ಕೊಡಬೇಕು. ಪಕ್ಕದ ಕುರ್ಚಿಯಲ್ಲಿ ಮಾರ್ಗದರ್ಶಕರು ಕೂತಿರುತ್ತಾರೆ, ಅವಳ ಪಾಲಿಗೆ ಈ ದೊಡ್ಡ ಮೇಷ್ಟ್ರು. ಸಂಶೋಧಕರು ಉಗುಳು ನುಂಗುವಷ್ಟರಲ್ಲಿ ಉತ್ತರವನ್ನು ಅವರೇ ಕೊಟ್ಟುಬಿಡುತ್ತಾರೆ. ನಲವತ್ತು ದಾಟಿದ ಮೇಲೆ, ಕಾಲೇಜಿನಲ್ಲಿ ಪಾಠ ಮಾಡುತ್ತ, ರಜೆಗಳನ್ನೆಲ್ಲ ಸುರಿದು ಮಾಡಿದ ಕೆಲಸ ಇದು. ಅದನ್ನು ಪಕ್ಕದಲ್ಲೇ ಕೂತು ಒಬ್ಬರು ತಮ್ಮ ಮಾತಿಗೆ ತಿರುಗಿಸಿಕೊಳ್ಳುತ್ತಿರುವಾಗ ತಾನು ಒಳ್ಳೆಯ ಹುಡುಗಿಯ ಹಾಗೆ ತಲೆಯಾಡಿಸುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂತು. ನಿಲ್ಲಿಸಬೇಕೆಂದುಕೊಂಡಳು. ತಲೆ ಆಡುತ್ತಲೇ ಇತ್ತು. ಕಾಲ ಬಳಿ ಇಟ್ಟಿದ್ದ ಚೀಲದೊಳಗೆ ಮಗಳ ಫೋನು ಗುರ್ರೆಂದು ನಡುಗಿ ಸುಮ್ಮನಾಯಿತು. ಅದು ಎಷ್ಟನೆಯ ಸಲವೋ.

ಅವಳ ವಿಷಯ ಇಂಗ್ಲಿಷಿನ ಗಾಥಿಕ್ ಕಾದಂಬರಿಗಳು, ಅಂದರೆ ಹೆದರಿಸುವ ಕಥೆಗಳು; ಅದರಲ್ಲೂ ಆರಂಭದವು, ಇನ್ನೂರು ವರ್ಷಕ್ಕೂ ಹಿಂದಿನವು. ಒಂದು ಹಳೆಯ ಕೋಟೆ, ದಿಕ್ಕಿಲ್ಲದ ಒಬ್ಬ ಹುಡುಗಿ, ಅವಳ ಶೀಲ ಕಾಯುವ ಹೊಣೆ ಹೊತ್ತ ಚಿಕ್ಕಪ್ಪನೋ ಸೋದರತ್ತೆಯೋ ಒಬ್ಬರು, ಅವರ ಸೊಂಟದಲ್ಲಿ ಬೀಗದಕೈ ಗೊಂಚಲು. ಹುಡುಗಿಯನ್ನು ಒಂದು ಕೋಣೆಗೆ ಹಾಕುತ್ತಾರೆ, ಗೋಡೆಯಾಚೆ ಏನೋ ನರಳುತ್ತದೆ, ದೀಪ ಆರುತ್ತದೆ, ಅವಳು ಮೂರ್ಛೆ ಹೋಗುತ್ತಾಳೆ. ದೊಡ್ಡ ಮೇಷ್ಟ್ರ ಪ್ರಕಾರ ಇದೆಲ್ಲ ಹುಡುಗಿಯ ತಲೆಯೊಳಗೇ ನಡೆಯುವ ವ್ಯವಹಾರ. ಕೋಟೆಯೆಂದರೆ ಅವಳ ಮನಸ್ಸು, ಕಾವಲಿನವರು ಅವಳದೇ ನೀತಿಪ್ರಜ್ಞೆ, ನರಳುತ್ತಿರುವುದು ಅವಳೇ ಅದುಮಿಟ್ಟ ಆಸೆ, ಇನ್ನು ನೆಲಮಾಳಿಗೆಯೆಂದರೆ, ಎಂದು ಹೇಳಿ ಅವರು ಪ್ರತಿ ಸಲವೂ ಕೆಮ್ಮುತ್ತಾರೆ. ಹುಡುಗಿ ಬೇಡ ಎಂದು ಕಿರುಚಿದಳೋ, ಬೇಕು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಮೊದಮೊದಲು ಇದೆಲ್ಲ ಕೇಳಿ ಅವಳಿಗೂ ರೋಮಾಂಚನವಾಗಿತ್ತು. ಕಂಡದ್ದರ ಹಿಂದೆ ಕಾಣದ್ದೊಂದು ಇದೆ ಎಂದು ಯಾರಾದರೂ ತೋರಿಸಿಕೊಟ್ಟರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಆದರೆ ಓದುತ್ತ ಓದುತ್ತ ತಲೆ ಚಿಟ್ಟು ಹಿಡಿಯಿತು. ಆ ಹುಡುಗಿ ಮೂರ್ಛೆ ಹೋದದ್ದು ಆಸೆಯಿಂದಲ್ಲ, ಎದುರಿಗಿದ್ದವನ ಮಾತು ಕೇಳಿ ಕೇಳಿ ಸಾಕಾಗಿ ಇರಬಾರದೇಕೆ ಎಂದು ಒಮ್ಮೆ ಕೇಳಿದ್ದಳು. “ನೋಡಮ್ಮ, ನಿಮ್ಮ ಈ ಸಿಟ್ಟು ಇದೆಯಲ್ಲ, ಇದೂ ಒಂಥರಾ ಪ್ರತಿರೋಧನೇ. ಎಲ್ಲೋ ಒಳಗೆ ತಾಗಿದೆ ನಿಮಗೆ,” ಎಂದು ಮೇಷ್ಟ್ರು ಪ್ರೀತಿಯಿಂದಲೇ ನಕ್ಕಿದ್ದರು. ಒಪ್ಪಿದರೆ ಅವರು ಹೇಳಿದ್ದು ನಿಜ, ಒಪ್ಪದೆ ಹೋದರೆ ಇನ್ನೂ ನಿಜ. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ಮನೆಯಲ್ಲೂ ಇದೇ ಗೋಳು. ಗಂಡ ಆಪ್ತಸಲಹೆಗಾರ. ಬೆಳಗಿನಿಂದ ಸಂಜೆಯವರೆಗೆ ಪರದೆ ಎಳೆದ ಒಂದು ಕೋಣೆಯಲ್ಲಿ ಕೂತು ಬೇರೆಯವರ ಸಂಕಟ ಕೇಳುತ್ತಾರೆ. ಕೇಳಿ ಕೇಳಿ ದನಿ ಎಷ್ಟು ಮೆತ್ತಗಾಗಿದೆಯೆಂದರೆ ಆ ದನಿಯಲ್ಲಿ ಯಾರೂ ಯಾರಿಗೂ ಬೈಯಲಾರರು. ಗ್ಯಾಸು ಮುಗಿದಿದೆ, ಹೇಳಿದ್ದೆನಲ್ಲ, ಮರೆತಿರಲ್ಲ ಎಂದು ಅವಳು ಕೂಗಾಡಿದರೆ, “ಈಗ ನಿನಗೆ ಏನನ್ನಿಸ್ತಿದೆ?” ಎನ್ನುತ್ತಾರೆ. ಏನನ್ನಿಸುತ್ತಿದೆ? ಗ್ಯಾಸು ಮುಗಿದಿದೆ ಅನ್ನಿಸುತ್ತಿದೆ. ಮದುವೆಯಾದ ಹೊಸದರಲ್ಲಿ ಅವಳ ಕೋಪ ಅವಳಪ್ಪನ ಮೇಲಿನದು ಎಂದು ಅವರು ಹೇಳಿದಾಗ ಅವಳು ಅತ್ತುಬಿಟ್ಟಿದ್ದಳು, ಇಷ್ಟು ಚೆನ್ನಾಗಿ ತನ್ನನ್ನು ಯಾರೂ ಅರ್ಥ ಮಾಡಿಕೊಂಡಿರಲಿಲ್ಲವಲ್ಲ ಎಂದು. ಈಗ ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿದೆ. ಕೋಪ ಮಾತ್ರ ಇನ್ನೂ ಪಾಪ ಅಪ್ಪನ ಲೆಕ್ಕಕ್ಕೇ ಹೋಗುತ್ತಿದೆ.

ಇಷ್ಟೆಲ್ಲ ಗೊತ್ತಿದ್ದೂ ಬೆಳಿಗ್ಗೆ ತಾನು ಮಾಡಿದ್ದೇನು? ಮಗಳು ಕೋಣೆಯಲ್ಲಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂದಲು ಬಾಚುತ್ತಿದ್ದಳು. ಪೀಪಿ ಎಂದೇ ಅವಳನ್ನು ಕರೆಯುವುದು. ಹುಟ್ಟಿದಾಗ ಆಸ್ಪತ್ರೆಯ ಆ ಕೊನೆಯಿಂದ ಈ ಕೊನೆಯವರೆಗೆ ಕೇಳುವಂತೆ ಅಳುತ್ತಿದ್ದಳು, ಹೆಸರು ಆಗಲೇ ಅಂಟಿಕೊಂಡಿತು, ಹದಿನೆಂಟು ತುಂಬಿದರೂ ಬಿಟ್ಟಿಲ್ಲ. “ಅಮ್ಮಾ, ಇನ್ನೊಂದು ಗಂಟೆಗೆ ಹೊರಗೆ ಹೋಗ್ತಿದೀನಿ. ಅವನನ್ನ ನೋಡೋಕೆ. ಲೈಬ್ರರಿಗೆ ಅಂತ ಸುಳ್ಳು ಹೇಳಬಹುದಿತ್ತು, ಹೇಳ್ತಿಲ್ಲ,” ಎಂದಳು. ಅವನು ಎಂದರೆ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವನು. ಪರೀಕ್ಷೆ ಹತ್ತಿರ ಬಂದಿದೆ, ತನಗೆ ಸೆಮಿನಾರಿಗೆ ಹೊತ್ತಾಗಿದೆ, ಒಂದು ಕಾಲಿಗೆ ಚಪ್ಪಲಿ ಹಾಕಿಯಾಗಿದೆ. “ಇದು ಇಷ್ಟ ಅಲ್ಲ ಕಣೆ, ಪರೀಕ್ಷೆ ಭಯ. ಭಯ ನೇರವಾಗಿ ಬರಲ್ಲ, ಹೀಗೆ ಬೇರೆ ವೇಷ ಹಾಕ್ಕೊಂಡು ಬರುತ್ತೆ,” ಎಂದಳು ಅವಳು, ಸಮಾಧಾನದ ದನಿಯಲ್ಲಿ, ಥೇಟ್ ಗಂಡನ ದನಿಯಲ್ಲಿ. “ಅಮ್ಮ, ನಂಗೆ ಅವನು ಇಷ್ಟ. ಅಷ್ಟೇ. ಇದರ ಹಿಂದೆ ಏನೂ ಇಲ್ಲ.” “ಹಿಂದೆ ಏನೂ ಇಲ್ಲದೆ ಯಾವುದೂ ಇರಲ್ಲ ಪುಟ್ಟಾ.” ಪೀಪಿ ಬಾಚಣಿಗೆ ಕೆಳಗಿಟ್ಟು ಅವಳನ್ನು ನೋಡಿ ನಕ್ಕಳು. ಎದುರುತ್ತರ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ನಕ್ಕಳು, ಕನಿಕರದಿಂದ. ದಿಂಬಿನ ಮೇಲಿದ್ದ ಫೋನನ್ನು ಇವಳು ಬಾಚಿಕೊಂಡಳು, ಹೊರಗೆ ಬಂದು ಬಾಗಿಲೆಳೆದಳು, ಚಿಲಕ ಹಾಕಿದಳು.

ಮನೆಯ ಮಾಲೀಕರು ಆ ಕೋಣೆಯನ್ನು ಹಿಂದೆ ಸಾಮಾನು ತುಂಬಲು ಇಟ್ಟುಕೊಂಡಿದ್ದರು, ಅದಕ್ಕೇ ಆ ಒಂದು ಬಾಗಿಲಿಗೆ ಹೊರಗಡೆ ಚಿಲಕ. ಈ ಮನೆಗೆ ಬಂದಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ತುಕ್ಕು ಹಿಡಿದಿರಬೇಕು, ಜಗ್ಗುವುದಿಲ್ಲ, ತನ್ನ ಸಿಟ್ಟು ಅಲ್ಲಿಗೇ ಮುಗಿಯುತ್ತದೆ ಎಂದು ಅವಳು ಒಳಗೊಳಗೇ ಎಣಿಸಿದ್ದಿರಬೇಕು. ಅದು ಸಲೀಸಾಗಿ ಹೋಗಿ ಕೂತಿತು. ಅಷ್ಟು ದೊಡ್ಡ ಗಂಟಲಿನ ಹುಡುಗಿ ಬಾಗಿಲು ಬಡಿಯಲಿಲ್ಲ, ಅಮ್ಮಾ ಎನ್ನಲಿಲ್ಲ. ಗಂಡ ಬಚ್ಚಲಲ್ಲಿದ್ದರು. “ರೀ, ಪೀಪಿನ ನೋಡ್ಕೊಳ್ಳಿ, ನಾನು ಹೊರಟೆ,” ಎಂದು ಕೂಗಿ ಬಸ್ಸಿಗೆ ಓಡಿದ್ದಳು. ನೋಡಿಕೊಳ್ಳಿ ಎಂದರೆ ಏನರ್ಥ? ತಾನು ಹೋದ ಮೇಲೆ ತೆಗೆಯಿರಿ ಎಂದೇ? ತೆಗೆಯಬೇಡಿ ಎಂದೇ? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವಳು ಇದನ್ನೇ ತಿರುವಿ ಹಾಕುತ್ತಿದ್ದಳು. ತೆಗೆದೇ ತೆಗೆಯುತ್ತಾರೆ, ಅವರು ಹೊರಡುವುದು ಹತ್ತರ ಮೇಲೆ, ಹೊರಡುವ ಮುಂಚೆ ಮಗಳಿಗೆ ಹೇಳಿಯೇ ಹೊರಡುತ್ತಾರೆ. ಯಾವತ್ತಾದರೂ ಹೇಳದೆ ಹೊರಟದ್ದಿದೆಯೇ? ಇದೆ. ಎಷ್ಟೋ ಸಲ ಇದೆ. ಸೆಮಿನಾರು ಶುರುವಾಗುವ ಮುಂಚೆ ಕಾರಿಡಾರಿನಲ್ಲಿ ನಿಂತು ಮೂರು ಸಲ ಫೋನ್ ಮಾಡಿದಳು. ಸಂಕಟ ಹೇಳಿಕೊಳ್ಳುವವರಿಗೆ ತೊಂದರೆಯಾಗಬಾರದೆಂದು ಅವರು ಕೆಲಸದ ಹೊತ್ತಿನಲ್ಲಿ ಫೋನು ಆರಿಸಿಡುತ್ತಾರೆ. ಅಂದರೆ ಹೊರಟಿದ್ದಾರೆ. ಅಂದರೆ ಒಂದೋ ಚಿಲಕ ತೆಗೆದು ಹೊರಟಿದ್ದಾರೆ, ಇಲ್ಲವೋ ಮಗು ಒಳಗೇ ಇದೆ, ನೀರಿಲ್ಲದೆ, ಬಚ್ಚಲಿಗೆ ಹೋಗಲಾಗದೆ. ಆಗಲೇ ವಾಪಸು ಹೋಗಬೇಕಿತ್ತು. ದೊಡ್ಡ ಮೇಷ್ಟ್ರು ಬಾಗಿಲಲ್ಲಿ ನಿಂತು, “ಬನ್ನಿಮ್ಮಾ, ಹೊರಗಿನವರು ಕಾಯ್ತಿದಾರೆ,” ಎಂದರು, ಅವಳು ಹೋದಳು.

ಹೊರಗಿನವರು ಎಂದರೆ ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರಿಣತೆ. ವಯಸ್ಸಾದವರು, ಸಿಕ್ಕಾಪಟ್ಟೆ ನೆಗಡಿ, ಅವಳು ಓದುತ್ತಿದ್ದಷ್ಟು ಹೊತ್ತೂ ಕರವಸ್ತ್ರದಲ್ಲಿ ಮೂಗು ಹುದುಗಿಸಿಕೊಂಡಿದ್ದರು. ಕೇಳುತ್ತಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಈಗ ಕರವಸ್ತ್ರ ಮಡಿಸಿ, “ನಂದೊಂದು ಸಣ್ಣ ಪ್ರಶ್ನೆ. ಆ ಕೋಣೆ ಬಾಗಿಲು ಹಾಕೋರು ಯಾರು?” ಎಂದರು. “ಸಾಂಕೇತಿಕವಾಗಿ ನೋಡಿದ್ರೆ, ಮೇಡಂ, ನಾಯಕಿಯೇ,” ಎಂದು ದೊಡ್ಡ ಮೇಷ್ಟ್ರು ಮುಂದೆ ಬಾಗಿದರು, “ಅವರು ಹೇಳಬೇಕು ಅಂತಿರೋದು ಏನಂದ್ರೆ, ತನ್ನ ಆಸೆಗೆ ತಾನೇ ಹೆದರಿ...” “ನಾನು ಅವರನ್ನ ಕೇಳಿದ್ದು ಸರ್,” ಎಂದು ಆಕೆ ಸೀನಿದರು. ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಎಲ್ಲರೂ ತನ್ನತ್ತ ತಿರುಗಿದಾಗ ಅವಳ ತಲೆಯಲ್ಲಿ ಒಂದು ವಾಕ್ಯವೂ ಇರಲಿಲ್ಲ. ಅಂಗೈಯಲ್ಲಿ ಚಿಲಕದ ತಣ್ಣನೆಯ ಕಬ್ಬಿಣ ಮಾತ್ರ ಇನ್ನೂ ಇತ್ತು. “ಹೊರಗಿನವರು,” ಎಂದಳು. “ಯಾವ ಕಾದಂಬರಿ ಬೇಕಾದ್ರೂ ತೆಗೆದು ನೋಡಿ ಮೇಡಂ, ಚಿಲಕ ಹೊರಗಡೆ ಇರುತ್ತೆ. ಒಳಗಡೆಯಿಂದ ಹಾಕ್ಕೊಳ್ಳೋಕೆ ಚಿಲಕ ಇಲ್ಲ ಅನ್ನೋದೇ ಆ ಹುಡುಗಿಯ ದೂರು. ಪುಟಗಟ್ಟಲೆ ಅದನ್ನೇ ಹೇಳ್ತಾಳೆ. ನಾವು ಮಾತ್ರ ಅವಳೇ ತನ್ನೊಳಗೆ ಬಾಗಿಲು ಹಾಕ್ಕೊಂಡಿದಾಳೆ ಅಂತೀವಿ. ಯಾಕಂದ್ರೆ ಹಾಗಂದುಬಿಟ್ರೆ ಚಿಲಕ ಹಾಕಿದ ಕೈ ಯಾರದು ಅಂತ ಯಾರೂ ಕೇಳಲ್ಲ. ಅದುಮಿಟ್ಟ ಆಸೆ ಇದ್ರೆ ಅದು ಬಾಗಿಲಿಂದೀಚೆ ನಿಂತಿರೋರದು. ಆ ಸೋದರತ್ತೆದು. ನೀತಿ ಅನ್ನೋ ಹೆಸರು ಕೊಟ್ಟಿರ್ತಾಳೆ ಅಷ್ಟೇ.”

ಹೇಳುತ್ತ ಹೇಳುತ್ತ ಅವಳಿಗೆ ಆ ಈಜುಕೊಳ ಕಣ್ಣ ಮುಂದೆ ಬಂತು. ಮಗಳನ್ನು ಕರೆದುಕೊಂಡು ಬರಲು ಹೋದ ಸಂಜೆ. ಅವನು ನೀರಿನಿಂದ ಎರಡೂ ಕೈ ಊರಿ ಮೇಲೆದ್ದು ಬಂದಿದ್ದ, ತೋಳಿನಿಂದ ನೀರು ಇಳಿಯುತ್ತಿತ್ತು, “ಆಂಟಿ, ಅವಳು ಬಟ್ಟೆ ಬದಲಾಯಿಸ್ತಿದಾಳೆ, ಕೂತ್ಕೊಳ್ಳಿ,” ಎಂದಿದ್ದ. ಅವಳು ನೋಡಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದ್ದಳು. ಆಂಟಿ ಎಂಬ ಮಾತು ಆಮೇಲೆ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ಆ ಹುಡುಗ ಅವಳಿಗೆ ಹಿಡಿಸದಾದ. ನಡತೆ ಸರಿಯಿಲ್ಲ ಎಂದಳು, ನೋಟ ಸರಿಯಿಲ್ಲ ಎಂದಳು, ಯಾರ ನೋಟ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಇದನ್ನು ದೊಡ್ಡ ಮೇಷ್ಟ್ರಿಗೆ ಹೇಳಿದರೆ ಕುಣಿದಾಡಿಯಾರು, ಅವರ ಸಿದ್ಧಾಂತವೇ ಗೆದ್ದಂತಾಗುತ್ತದೆ. ಅದೇ ಅವಳಿಗೆ ತಡೆಯಲಾಗದ ರೇಜಿಗೆ. ಅಷ್ಟು ವರ್ಷ ಆ ಮನುಷ್ಯನ ಮಾತಿಗೆ ಹಲ್ಲು ಕಡಿದದ್ದಾಯಿತು, ಈಗ ನೋಡಿದರೆ ಅವರ ಮಾತಿಗೆ ಹೇಳಿ ಮಾಡಿಸಿದ ಉದಾಹರಣೆಯಾಗಿ ತಾನೇ ಕೂತಿದ್ದಾಳೆ, ಅದೂ ಹುಡುಗಿಯ ಪಾತ್ರದಲ್ಲಲ್ಲ, ಸೋದರತ್ತೆಯ ಪಾತ್ರದಲ್ಲಿ.

ಪರಿಣತೆ ಮೇಜನ್ನು ಬೆರಳಿನಿಂದ ತಟ್ಟಿದರು. “ಇಷ್ಟು ಹೊತ್ತು ಓದಿದ್ದು ಬೇರೆಯವರದ್ದು, ಇದು ನಿಮ್ಮದು. ಚೆನ್ನಾಗಿದೆ. ಇದನ್ನೇ ಕೊನೆ ಅಧ್ಯಾಯ ಮಾಡಿ. ಎಲ್ಲಿ ಹೊಳೀತು ಇದು ನಿಮಗೆ?” ಎಲ್ಲಿ? ಬಾಗಿಲಿಗೆ ಅಂಗೈ ಒತ್ತಿ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದಾಗ. “ಓದ್ತಾ ಓದ್ತಾ ಹೊಳೀತು ಮೇಡಂ,” ಎಂದಳು. ಮಗಳನ್ನು ಒಳಗೆ ಹಾಕಿ ಬಂದು ಆ ಮಗಳು ಆಡಬೇಕಿದ್ದ ಮಾತು ಕದ್ದು ಇಲ್ಲಿ ಭೇಷ್ ಎನ್ನಿಸಿಕೊಳ್ಳುತ್ತಿದ್ದೇನೆ ಎಂದು ಅನ್ನಿಸಿತು. ದೊಡ್ಡ ಮೇಷ್ಟ್ರು ಆಗಲೇ ಸಾವರಿಸಿಕೊಂಡಿದ್ದರು. “ನಾನೇ ಅವರಿಗೆ ಹೇಳ್ತಾ ಬಂದಿದೀನಿ, ಆ ದಿಕ್ಕಲ್ಲಿ ಸ್ವಲ್ಪ ಯೋಚನೆ ಮಾಡಿ ಅಂತ,” ಎಂದು ಎಲ್ಲರಿಗೂ ಕೇಳುವಂತೆ ಅಂದರು. ಬೇರೆ ದಿನವಾಗಿದ್ದರೆ ಈ ಮಾತಿಗೆ ವಾರವಿಡೀ ಉರಿಯುತ್ತಿದ್ದಳು. ಚಹಾ ಬಂತು, ಬಿಸ್ಕತ್ತು ಬಂತು. ಅವಳು ಚೀಲ ಎತ್ತಿಕೊಂಡು, ಮನೆಯಲ್ಲಿ ಸ್ವಲ್ಪ ಅರ್ಜೆಂಟು ಎಂದು ಯಾರಿಗೆ ಹೇಳಿದಳೋ ಏನೋ, ಮೆಟ್ಟಿಲಿಳಿದಳು.

ಬಸ್ಸು ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ಚೀಲದಲ್ಲಿ ಫೋನು ಮತ್ತೆ ನಡುಗಿದಾಗ ತೆಗೆದು ನೋಡಿದಳು. ಪರದೆಯ ಮೇಲೆ ‘ಮೊಂಡ’ ಎಂಬ ಹೆಸರು. ಎತ್ತಬಾರದಿತ್ತು, ಎತ್ತಿದಳು. “ಎಲ್ಲೇ ಹಾಳಾಗಿ ಹೋದೆ? ಕಾದೂ ಕಾದೂ ಸಾಕಾಯ್ತು,” ಎಂದಿತು ಈಜುಕೊಳದ ಹುಡುಗನ ದನಿ. “ನಿಮ್ಮಮ್ಮಂಗೆ ಹೇಳಿದ್ಯಾ ಇಲ್ವಾ? ಹೇಳ್ದೆ ಬರೋದಾದ್ರೆ ಬರಲೇಬೇಡ ಅಂದಿದೀನಿ ಆವತ್ತೇ. ಹಲೋ? ಏ ಪೀಪಿ?” ಆ ಹೆಸರು ಮನೆಯೊಳಗಿನದು, ಅದನ್ನು ಅವನಿಗೆ ಯಾರು ಕೊಟ್ಟರು ಎಂದು ಅವಳಿಗೆ ಮೊದಲು ಸಿಟ್ಟೇ ಬಂತು. ಮಾತಾಡದೆ ಫೋನು ಕಟ್ ಮಾಡಿದಳು. ಪಕ್ಕದ ಸೀಟಿನ ಹೆಂಗಸು ಅವಳ ಮುಖ ನೋಡಿ ಸ್ವಲ್ಪ ಜರುಗಿ ಕೂತಳು.

ಮನೆಯ ಬೀಗ ತೆಗೆಯಲು ಹೋದರೆ ಬಾಗಿಲು ಬರೀ ಎಳೆದುಕೊಂಡಿತ್ತು. ಒಳಗೆ ಗಂಡನ ಚಪ್ಪಲಿ. ಸದ್ಯ, ಎಂದು ಅವಳ ಎದೆಯ ಭಾರ ಇಳಿಯಿತು. ಇದ್ದಾರೆ, ತೆಗೆದಿದ್ದಾರೆ, ಅಪ್ಪ ಮಗಳು ಇಬ್ಬರೂ ಸೇರಿ ತನ್ನನ್ನು ಬೈದುಕೊಂಡು ಊಟ ಮಾಡುತ್ತಿರಬೇಕು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಳಗಿನ ಓಣಿಯಂಥ ಜಾಗದಲ್ಲಿ, ಮಗಳ ಕೋಣೆಯ ಎದುರು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕದೆ, ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಟ್ಟು, ಕೆಲಸದ ಕೋಣೆಯಲ್ಲಿ ಕೂರುವ ಹಾಗೆ ಗಂಡ ಕೂತಿದ್ದರು. ಚಿಲಕ ಬೆಳಿಗ್ಗೆ ಅವಳು ಹಾಕಿದಂತೆಯೇ ಇತ್ತು. “...ಆ ಸಿಟ್ಟಿಗೆ ಒಂದು ಬಣ್ಣ ಇದ್ರೆ ಯಾವ ಬಣ್ಣ ಇರಬಹುದು ಪುಟ್ಟಾ?” ಎಂದು ಬಾಗಿಲಿಗೆ ಕೇಳುತ್ತಿದ್ದರು.

“ರೀ,” ಎಂದಳು. “ನೀವು ಯಾವಾಗಿಂದ ಇದೀರಿ ಇಲ್ಲಿ?”

“ಹೋಗಲೇ ಇಲ್ಲ. ಹೊರಡೋಣ ಅಂತಿದ್ದೆ, ಬಾಗಿಲು ತಟ್ಟಿದಳು. ಬರಬೇಕಾದೋರನ್ನೆಲ್ಲ ನಾಳೆಗೆ ಹಾಕಿ ಫೋನ್ ಆರಿಸಿಟ್ಟೆ,” ಎಂದು ಅವರು ತುಟಿಯ ಮೇಲೆ ಬೆರಳಿಟ್ಟರು. “ಮೆತ್ತಗೆ. ಈಗ ಸ್ವಲ್ಪ ಮಾತಿಗೆ ಬರ್ತಿದಾಳೆ.”

“ತೆಗೀಬಾರ್ದಿತ್ತಾ?”

“ನಾನು ಹೇಗೆ ತೆಗೀಲಿ? ನೀನು ಹಾಕಿದ್ದು.” ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಒಬ್ಬರ ತೀರ್ಮಾನಾನ ಮಕ್ಕಳ ಎದುರಿಗೆ ಇನ್ನೊಬ್ಬರು ಮುರೀಬಾರದು ಅಂತ ನಾವಿಬ್ರೂ ಮಾತಾಡ್ಕೊಂಡಿದೀವಲ್ಲ. ಬಂದೋರಿಗೆಲ್ಲ ನಾನು ಅದನ್ನೇ ಹೇಳೋದು. ನೀನು ಸರಿ ಅಂತ ನಾನು ಹೇಳ್ತಿಲ್ಲ. ನೀನು ಬಂದ ಮೇಲೆ ನಾವಿಬ್ರೂ ಕೂತು, ಇದರ ಹಿಂದೆ ಏನಿದೆ ಅಂತ...”

ಅವಳಿಗೆ ನಗು ಬಂದಂತಾಯಿತು, ಅದು ನಗುವಾಗಿರಲಿಲ್ಲ. ಇಷ್ಟು ಹೊತ್ತು. ಒಂದು ಮೊಳ ದೂರದಲ್ಲಿ ಕೂತು, ಕೈ ಚಾಚಿದರೆ ಸಿಗುವ ಚಿಲಕವನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಮಾತಾಡಿದ ಈ ಒಳ್ಳೆಯ ಮನುಷ್ಯನನ್ನು ಏನು ಮಾಡಬೇಕು? ಕುರ್ಚಿಸಮೇತ ಎತ್ತಿ ಎಸೆಯಬೇಕೆನ್ನಿಸಿತು. ಆದರೆ ಅವರು ತೆಗೆಯಲಿಲ್ಲ ಅಷ್ಟೇ, ಹಾಕಿದವಳು ತಾನು. ಕುರ್ಚಿಯನ್ನು ಕಾಲಿನಿಂದ ಆಚೆ ನೂಕಿ ಚಿಲಕಕ್ಕೆ ಕೈ ಹಾಕಿದಳು. ಬೆಳಿಗ್ಗೆ ಅಷ್ಟು ಸಲೀಸಾಗಿ ಹೋಗಿದ್ದ ಚಿಲಕ ಈಗ ಕಚ್ಚಿಕೊಂಡಿತ್ತು. ಬೆರಳು ಜಾರಿ ಉಗುರು ಮುರಿಯಿತು. ಎರಡೂ ಕೈಯಿಂದ ಜಗ್ಗಿದಳು, ಕೊನೆಗೆ ಕೆಟ್ಟ ಶಬ್ದ ಮಾಡಿ ಅದು ಬಂತು.

ಪೀಪಿ ಮಂಚದ ಅಂಚಿನಲ್ಲಿ ಕೂತಿದ್ದಳು. ಕೂದಲು ನೀಟಾಗಿ ಬಾಚಿತ್ತು, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡಿದ್ದಳು. ಅತ್ತಿರಲಿಲ್ಲ. ಕೋಣೆಯಲ್ಲಿ ಒಂದು ವಾಸನೆಯಿತ್ತು. ಮೂಲೆಯಲ್ಲಿ, ಪೆನ್ಸಿಲ್ ಹೆರೆದ ಸಿಪ್ಪೆ, ಹರಿದ ಕಾಗದ ಹಾಕುವ ನೀಲಿ ಪ್ಲಾಸ್ಟಿಕ್ ಕಸದ ಬುಟ್ಟಿಯ ಮೇಲೆ ಟವೆಲ್ ಮುಚ್ಚಿತ್ತು. ಏನು ಎಂದು ಅವಳಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಹಿಂದಿನಿಂದ ಗಂಡ ಒಳಗೆ ಇಣುಕಿದವರು, ನೋಡಿ, ಮುಖ ಆಚೆ ತಿರುಗಿಸಿದರು. ಅದಕ್ಕೆ ಯಾವ ಬಣ್ಣ ಎಂದು ಅವರು ಕೇಳಲಿಲ್ಲ.

ಮಗಳು ಎದ್ದು ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತುಳುಕದ ಹಾಗೆ, ನಿಧಾನವಾಗಿ. ಮೂರು ವರ್ಷದವಳಿದ್ದಾಗ ಹಾಸಿಗೆ ಒದ್ದೆಯಾದರೆ ಇಡೀ ಬೀದಿಗೆ ಸಾರುತ್ತಿದ್ದ ಹುಡುಗಿ. ಅಪ್ಪ ಹೊರಗೆ ಕೂತು ಮಾತಾಡುತ್ತಿದ್ದಷ್ಟು ಹೊತ್ತು ಇವಳು ಒಳಗೆ ಸದ್ದು ಹೊರಬೀಳದ ಹಾಗೆ ಹೇಗೆ ಕೂತಿರಬೇಕು, ಟವೆಲ್ ಹೇಗೆ ಹುಡುಕಿರಬೇಕು.

“ಕೊಡು, ನಾನು ತೊಳೀತೀನಿ,” ಎಂದಳು.

“ಬೇಡ.”

“ಕೊಡೇ ಪುಟ್ಟಾ.”

“ಬೇಡ ಅಂದ್ನಲ್ಲ.”

“ತಪ್ಪಾಯ್ತು ಪೀಪಿ. ನಾನು ಹಾಗೆ ಮಾಡಬಾರ್ದಿತ್ತು.”

“ಹೂಂ,” ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಯಾಕೆ ಮಾಡ್ದೆ ಅಂತ ಮಾತ್ರ ಹೇಳ್ಬೇಡಮ್ಮ. ದಯವಿಟ್ಟು.”

ಅದನ್ನೇ ಹೇಳಲು ಅವಳು ಬಾಯಿ ತೆರೆದಿದ್ದಳು. ಎಲ್ಲ ಸಿದ್ಧವಾಗಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡದ್ದು, ತನ್ನ ಭಯ, ತನ್ನ ವಯಸ್ಸು, ಈಜುಕೊಳವನ್ನು ಕೂಡ ಹೇಳಿಬಿಡುವ ಧೈರ್ಯ, ಹೇಳಿದ ಮೇಲೆ ಮಗಳು ತನ್ನನ್ನು ಅರ್ಥಮಾಡಿಕೊಂಡು ಕುತ್ತಿಗೆಗೆ ಜೋತುಬೀಳುವ ಗಳಿಗೆ. ಅದನ್ನೆಲ್ಲ ಆಚೆಗಿಟ್ಟರೆ ಆಡಲು ಬೇರೆ ಮಾತಿಗಾಗಿ ಅವಳು ಒಳಗೆಲ್ಲ ತಡಕಾಡಿದಳು. ಊಟ ಮಾಡ್ತೀಯಾ ಎಂದು ಕೇಳಬಹುದಿತ್ತು, ಅದೂ ನಾಲಗೆಗೆ ಬರಲಿಲ್ಲ.

ಪೀಪಿ ಬುಟ್ಟಿ ಹಿಡಿದು ಹಾಗೇ ನಿಂತಿದ್ದಳು.

“ಅಮ್ಮ,” ಎಂದಳು, “ಬಾಗಿಲು ಬಿಡು.”

ಆಗ ನೋಡಿಕೊಂಡಳು. ಹೊಸ್ತಿಲ ಮೇಲೆ, ಎರಡೂ ಕೈ ಚೌಕಟ್ಟಿಗೆ ಊರಿ, ಪೂರಾ ಅಡ್ಡ ನಿಂತಿದ್ದಳು ತಾನು. ಕೈ ತೆಗೆದಳು. ಪಕ್ಕಕ್ಕೆ ಸರಿದಳು. ಮಗಳು ಅವಳಿಗೆ ತಾಗದ ಹಾಗೆ ಹುಷಾರಾಗಿ ದಾಟಿಕೊಂಡು ಹೋದಳು.